ಕಿಟಕಿಯಲ್ಲೊಂದು ಅಳವಿ ಮಡಿ

ಹೆರಿಗೆಯಾದ ಮನೆಯಲ್ಲಿ ಬಾಣಂತಿಯ ಸಾಮಾನಿನ ಪಟ್ಟಿ ಬರೆಯುವಾಗ ಒಣಶುಂಠಿ, ಮೆಂತ್ಯ, ಅಂಟುಗಳ ಜೊತೆಗೆ ಇನ್ನೊಂದು ಹೆಸರೂ ಬರುವುದುಂಟು. ಕೆಲವರು ಅಳವಿ ಎನ್ನುತ್ತಾರೆ, ಕೆಲವರು ಆಳ್ವಿ ಎನ್ನುತ್ತಾರೆ. ಆಯುರ್ವೇದದವರಿಗೆ ಅದು ಚಂದ್ರಶೂರ, ಮರಾಠಿಯವರಿಗೆ ಹಳೀವ. ಇಟ್ಟಿಗೆಯ ಬಣ್ಣದ, ಎಳ್ಳಿನಂತೆ ಪುಟ್ಟದಾದ ಈ ಬೀಜವನ್ನು ನೀರಿಗೆ ಹಾಕಿದರೆ ಕಾಮಕಸ್ತೂರಿಯ ಬೀಜದಂತೆ ಲೋಳೆಗಟ್ಟಿ ಉಬ್ಬುತ್ತದೆ. ಹಾಲು ಬೆಲ್ಲ ಹಾಕಿ ಪಾಯಸ ಮಾಡುತ್ತಾರೆ, ಕಾಯಿತುರಿಯೊಡನೆ ಉಂಡೆ ಕಟ್ಟುತ್ತಾರೆ. ಬಾಣಂತನ ಮುಗಿಯಿತೆಂದರೆ ಉಳಿದ ಬೀಜ ಡಬ್ಬಿಯೊಳಗೆ ಸೇರಿ ಅಟ್ಟ ಹತ್ತುತ್ತದೆ. ಮತ್ತೆ ಅದರ ನೆನಪಾಗುವುದು ಮನೆಯಲ್ಲಿ ಮುಂದಿನ ತೊಟ್ಟಿಲು ಕಟ್ಟುವಾಗ.

ಆ ಡಬ್ಬಿಯನ್ನು ಕೆಳಗಿಳಿಸಿರಿ ಎಂದು ಕೇಳಿಕೊಳ್ಳುವುದೇ ಈ ಭಾಷಣದ ಉದ್ದೇಶ. ಅದರಲ್ಲಿರುವುದು ಬರಿಯ ಬೀಜವಲ್ಲ, ಒಂದು ಸೊಪ್ಪಿನ ಮಡಿ. ಹಿತ್ತಲಿಲ್ಲದ, ಅಂಗಳವಿಲ್ಲದ, ಮೂರನೆಯ ಮಹಡಿಯ ಮನೆಯಲ್ಲಿಯೂ ಒಂದು ಊಟದ ತಟ್ಟೆಯಷ್ಟು ಜಾಗ ಇದ್ದೇ ಇರುತ್ತದೆ. ಅಳವಿಗೆ ಅಷ್ಟು ಸಾಕು.

ಅಳವಿ ನಮ್ಮ ಸಾಸಿವೆಯ ಕುಲಕ್ಕೆ ಸೇರಿದ ಗಿಡ. ಎಲೆಯನ್ನು ಅಗಿದಾಗ ಮೂಗಿಗೇರುವ ಸಣ್ಣ ಘಾಟು ಆ ಬಳಗದ ಗುರುತು. ಗಿಡದಲ್ಲಿ ಎರಡು ಪದಾರ್ಥಗಳು ಬೇರೆ ಬೇರೆಯಾಗಿ ಇರುತ್ತವೆ. ಎಲೆಯನ್ನು ಕಡಿದಾಗ ಅವು ಕೂಡಿಕೊಂಡು ಈ ಖಾರ ಹುಟ್ಟುತ್ತದೆ. ಪಶ್ಚಿಮ ಏಷ್ಯದ ಕಡೆಯವರು ಈ ಗಿಡವನ್ನು ಬಹಳ ಹಿಂದಿನಿಂದ ಬಲ್ಲರು. ಪರ್ಷಿಯನ್ನರು ರೊಟ್ಟಿಯ ಜೊತೆ ಇದನ್ನು ತಿನ್ನುತ್ತಿದ್ದರೆಂದು ಗ್ರೀಸಿನ ಝೆನೊಫನ್ ಬರೆದಿಟ್ಟಿದ್ದಾನೆ. ಇಂಗ್ಲೆಂಡಿನಲ್ಲಿ ಮಕ್ಕಳು ಒದ್ದೆ ಬಟ್ಟೆಯ ಮೇಲೆ ಇದರ ಬೀಜ ಚೆಲ್ಲಿ ಬೆಳೆಸುವುದು ಹಳೆಯ ಆಟ. ಅವರೆಲ್ಲ ಎಲೆಯನ್ನು ಹಿಡಿದುಕೊಂಡರು, ನಾವು ಬೀಜವನ್ನು ಹಿಡಿದುಕೊಂಡೆವು. ಎರಡನ್ನೂ ಹಿಡಿದುಕೊಂಡರೆ ತಪ್ಪೇನು?

ಬೆಳೆಸುವ ಕ್ರಮ ಬಹಳ ಸುಲಭ. ಬೀಜವನ್ನು ದಿನಸಿ ಅಂಗಡಿಯಿಂದಲೋ ಗ್ರಂಧಿಗೆ ಅಂಗಡಿಯಿಂದಲೋ ತನ್ನಿರಿ. ಬಿತ್ತನೆಗೆಂದೇ ಮಾರುವ ಬೀಜಕ್ಕೆ ಕೆಲವೊಮ್ಮೆ ಔಷಧಿ ಬಳಿದಿರುತ್ತಾರೆ. ಅದು ಅಡಿಗೆಮನೆಗೆ ಬರಕೂಡದು. ಒಂದು ತಟ್ಟೆಯಲ್ಲಿ ಒಗೆದ ಹತ್ತಿ ಬಟ್ಟೆಯನ್ನು ಎರಡು ಮಡಿಕೆ ಮಾಡಿ ಹಾಸಿ, ನೀರು ಚಿಮುಕಿಸಿ. ನೀರು ನಿಲ್ಲಬಾರದು, ಬಟ್ಟೆ ನೆನೆದಿದ್ದರೆ ಸಾಕು. ಅದರ ಮೇಲೆ ಒಂದು ಚಮಚ ಬೀಜವನ್ನು ರಂಗೋಲಿ ಪುಡಿಯಂತೆ ತೆಳ್ಳಗೆ ಉದುರಿಸಿ. ಹೆಸರುಕಾಳಿನಂತೆ ಇದನ್ನು ಮೊದಲೇ ನೆನೆಹಾಕಬಾರದು. ಹಾಕಿದರೆ ಲೋಳೆಯಲ್ಲಿ ಬೀಜಗಳು ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತವೆ, ಗಾಳಿಯಿಲ್ಲದೆ ಕೊಳೆಯುತ್ತವೆ.

ಮೇಲೆ ಇನ್ನೊಂದು ತಟ್ಟೆ ಮುಚ್ಚಿ ಒಂದೆರಡು ದಿನ ಬಿಡಿ. ಮೊಳಕೆ ಕಾಣಿಸಿದ ಮೇಲೆ ಮುಚ್ಚಳ ತೆಗೆದು ಬೆಳಕಿರುವ ಕಿಟಕಿಯಲ್ಲಿ ಇಡಿ, ಸುಡುಬಿಸಿಲು ಬೇಡ. ಬೆಳಿಗ್ಗೆ ಸಂಜೆ ಕೈಯಿಂದ ನೀರು ಚಿಮುಕಿಸಿ. ಹಸಿಯಾಗಿ ತಿನ್ನುವ ಸೊಪ್ಪಾದ್ದರಿಂದ ಕುಡಿಯುವ ನೀರನ್ನೇ ಬಳಸಬೇಕು. ಎಂಟು ಹತ್ತು ದಿನಗಳಲ್ಲಿ ಎರಡು ಅಂಗುಲದ ಹಸಿರು ಎದ್ದು ನಿಲ್ಲುತ್ತದೆ. ಮಕ್ಕಳನ್ನು ಕರೆದು ಆ ಎಳೆಯ ಎಲೆಗಳನ್ನು ತೋರಿಸಿ: ಮೊದಲ ಎರಡು ಎಲೆಗಳಲ್ಲಿ ಪ್ರತಿಯೊಂದೂ ಮೂರು ಸೀಳಾಗಿರುತ್ತದೆ. ಸಾಸಿವೆಯ ಸಸಿಯಲ್ಲಿ ಹೀಗಿರುವುದಿಲ್ಲ. ಪುಸ್ತಕದಲ್ಲಿ ಓದುವ ಬೀಜದೆಲೆಯನ್ನು ಅವರು ಕಣ್ಣಾರೆ ಕಂಡಂತಾಗುತ್ತದೆ.

ಇನ್ನೂ ದೊಡ್ಡ ಸೊಪ್ಪು ಬೇಕೆನ್ನುವವರು ಕುಂಡದ ಮಣ್ಣಿನಲ್ಲಿ ಬೀಜ ಉದುರಿಸಿ, ಮೇಲೆ ತೆಳುವಾಗಿ ಮಣ್ಣು ಮುಚ್ಚಲಿ. ಮೂರು ವಾರಕ್ಕೆ ಕುಯಿಲಿಗೆ ಬರುತ್ತದೆ. ಅಳವಿಗೆ ತಂಪು ಹಿತ. ದೀಪಾವಳಿಯಿಂದ ಶಿವರಾತ್ರಿಯವರೆಗಿನ ಕಾಲ ಅದಕ್ಕೆ ಹೇಳಿಮಾಡಿಸಿದ್ದು. ಬೇಸಗೆಯಲ್ಲಿ ಕುಂಡದ ಗಿಡ ಬೇಗನೆ ಹೂ ಬಿಟ್ಟು ಎಲೆ ಒಗರಾಗುತ್ತದೆ. ಆಗ ತಟ್ಟೆಯ ಬೆಳೆಯೇ ವಾಸಿ. ವಾರಕ್ಕೊಂದು ತಟ್ಟೆಯಂತೆ ಸರದಿ ಹಾಕಿದರೆ ಮನೆಯಲ್ಲಿ ಸೊಪ್ಪು ತಪ್ಪುವುದಿಲ್ಲ. ಮುಗ್ಗಲು ವಾಸನೆ ಬಂದರೆ, ಬಟ್ಟೆಯ ಮೇಲೆ ಬೂಷ್ಟು ಕಂಡರೆ, ಮರುಗದೆ ಎಸೆದುಬಿಡಿ.

ಇನ್ನು ತಿನ್ನುವ ವಿಚಾರ. ಸೊಪ್ಪನ್ನು ಕತ್ತರಿಯಿಂದ ಕತ್ತರಿಸಿ ತೊಳೆದು, ಹೆಸರುಬೇಳೆ ಕೋಸಂಬರಿಗೆ ಕಡೆಯಲ್ಲಿ ಬೆರೆಸಿ ನಿಂಬೆಹಣ್ಣು ಹಿಂಡಿ. ಮೊಸರುಬಜ್ಜಿಗೆ ಹಾಕಿ. ಅಕ್ಕಿರೊಟ್ಟಿಯ ಮೇಲೆ ಬೆಣ್ಣೆ ಸವರಿ ಒಂದು ಚಿಟಿಕೆ ಸೊಪ್ಪು ಉದುರಿಸಿದರೆ ಮಕ್ಕಳು ಬೇಡವೆನ್ನುವುದಿಲ್ಲ. ಸಾರಿಗೆ ಹಾಕುವುದಾದರೆ ಒಲೆಯಿಂದ ಇಳಿಸಿದ ಮೇಲೆ ಹಾಕಿ. ಕುದಿಸಿದರೆ ಘಾಟೂ ಹೋಗುತ್ತದೆ, ಸಿ ಜೀವಸತ್ವವೂ ಬಹುಪಾಲು ಹೋಗುತ್ತದೆ. ನೂರು ಗ್ರಾಂ ಹಸಿ ಸೊಪ್ಪಿನಲ್ಲಿ ಈ ಜೀವಸತ್ವ ಸುಮಾರು 69 ಮಿಲಿಗ್ರಾಂ ಇರುತ್ತದೆ. ಕಿತ್ತಲೆಯಲ್ಲಿರುವುದಕ್ಕಿಂತ ಇದು ಹೆಚ್ಚು.

ಇಲ್ಲಿ ಒಂದು ಮಾತನ್ನು ಬಿಡಿಸಿ ಹೇಳಬೇಕು. ಅಳವಿ ಬೀಜ ರಕ್ತ ಹೆಚ್ಚಿಸುತ್ತದೆಂದು ಜನ ನಂಬಿದ್ದಾರೆ. ಈ ನಂಬಿಕೆಗೆ ಬಲ ಕೊಟ್ಟದ್ದು ಆಹಾರಗಳ ಹಳೆಯ ಪಟ್ಟಿ. ಅದರಲ್ಲಿ ನೂರು ಗ್ರಾಂ ಬೀಜಕ್ಕೆ 100 ಮಿಲಿಗ್ರಾಂ ಕಬ್ಬಿಣವೆಂದು ಬರೆದಿತ್ತು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ ಹೊಸದಾಗಿ ಅಳೆದು 2017ರಲ್ಲಿ ಪ್ರಕಟಿಸಿದ ಪಟ್ಟಿಯಲ್ಲಿ ಅದು ಸುಮಾರು 17 ಮಿಲಿಗ್ರಾಂ ಮಾತ್ರ. ಒಂದು ಚಮಚ ಬೀಜವೆಂದರೆ ನಾಲ್ಕೈದು ಗ್ರಾಂ. ಅದರಲ್ಲಿ ಸಿಕ್ಕುವ ಕಬ್ಬಿಣ ಒಂದು ಮಿಲಿಗ್ರಾಮಿನ ಒಳಗೆ. ವಯಸ್ಕ ಹೆಂಗಸಿಗೆ ದಿನಕ್ಕೆ 29 ಮಿಲಿಗ್ರಾಂ ಬೇಕೆಂದು 2020ರ ಶಿಫಾರಸು ಹೇಳುತ್ತದೆ. ಲೆಕ್ಕ ನೀವೇ ಹಾಕಿರಿ.

ಹಾಗಾದರೆ ಅಳವಿಯ ಉಪಯೋಗವೇನು? ಎಲೆ ಮಾಡುವ ಕೆಲಸ ಬೇರೆ. ನಮ್ಮ ರಾಗಿಯಲ್ಲಿ, ಬೇಳೆಯಲ್ಲಿ, ಸೊಪ್ಪುಗಳಲ್ಲಿ ಕಬ್ಬಿಣವಿದ್ದರೂ ಅದನ್ನು ಮೈ ಸುಲಭವಾಗಿ ಹೀರಿಕೊಳ್ಳುವುದಿಲ್ಲ. ಅದೇ ತುತ್ತಿನೊಡನೆ ಸಿ ಜೀವಸತ್ವ ಹೋದರೆ ಹೀರಿಕೆ ಹೆಚ್ಚುತ್ತದೆ. ಮುದ್ದೆ, ಹುಳಿಯ ಪಕ್ಕದಲ್ಲಿ ನಿಂಬೆ ಹಿಂಡಿದ ಒಂದು ಹಿಡಿ ಹಸಿ ಅಳವಿ ಈ ಉಪಕಾರ ಮಾಡುತ್ತದೆ. ಊಟವಾದ ಕೂಡಲೆ ಕಾಫಿಯನ್ನೋ ಟೀಯನ್ನೋ ಕುಡಿದರೆ ಆ ಉಪಕಾರಕ್ಕೆ ಅಡ್ಡಿ. ಒಂದು ಗಂಟೆ ತಾಳಿರಿ. ಬೀಜ ತಿನ್ನುವಾಗಲೂ ಹಾಲಿನ ಪಾಯಸದ ಜೊತೆಗೆ ನಿಂಬೆ ಪಾನಕದ ರೂಢಿಯೂ ಇರಲಿ: ಒಂದು ಚಮಚ ಬೀಜವನ್ನು ಎರಡು ಮೂರು ಗಂಟೆ ಧಾರಾಳವಾದ ನೀರಿನಲ್ಲಿ ನೆನೆಸಿ, ಪಾನಕಕ್ಕೆ ಬೆರೆಸಿ. ಒಣಬೀಜ ನುಂಗಬಾರದು, ಗಂಟಲಲ್ಲಿ ಉಬ್ಬುತ್ತದೆ. ಮೈಸೂರಿನ ಕೇಂದ್ರ ಆಹಾರ ತಾಂತ್ರಿಕ ಸಂಶೋಧನಾಲಯದವರು ಈ ಬೀಜದ ಎಣ್ಣೆಯನ್ನು ಪರೀಕ್ಷಿಸಿದ್ದಾರೆ. ಅದರ ಮೂರನೆಯ ಒಂದು ಪಾಲಿನಷ್ಟು, ಅಗಸೆಯಲ್ಲಿರುವಂಥ ಒಮೇಗಾ ಕೊಬ್ಬು. ಬೀಜವನ್ನು ಆದರಿಸಲು ಇದೂ ಒಂದು ಕಾರಣ.

ಎಚ್ಚರಿಕೆಯ ಮಾತೂ ಉಂಟು. ಬಸುರಿಯರಿಗೆ ಅಳವಿ ಬೀಜ ಕೊಡಬಾರದೆಂದು ಹಿರಿಯರು ಹೇಳುತ್ತಾರೆ. ವೈದ್ಯರನ್ನು ಕೇಳದೆ ಆ ಮಾತನ್ನು ಮೀರಬೇಡಿ. ಹಸಿ ಮೊಳಕೆಯೂ ಅವರಿಗೆ ಬೇಡ. ಥೈರಾಯ್ಡ್ ತೊಂದರೆಯುಳ್ಳವರು, ರಕ್ತ ಹೆಪ್ಪುಗಟ್ಟದಿರಲು ಗುಳಿಗೆ ತೆಗೆದುಕೊಳ್ಳುವವರು ಇದನ್ನು ರೂಢಿ ಮಾಡಿಕೊಳ್ಳುವ ಮುನ್ನ ವೈದ್ಯರಿಗೆ ತಿಳಿಸಲಿ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಹದಿನೈದರಿಂದ ನಲವತ್ತೊಂಬತ್ತು ವರ್ಷದ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ. ಬಾಣಂತನದಲ್ಲಿ ಉಂಡೆ ಕಟ್ಟಿ ಕೊಟ್ಟ ಮನೆಯವರೇ, ಆಮೇಲೆ ಆಕೆ ಎಲ್ಲರಿಗೂ ಬಡಿಸಿ ಉಳಿದದ್ದನ್ನು ಉಣ್ಣುವಾಗ ಅದನ್ನು ಗಮನಿಸುವುದಿಲ್ಲ. ಎದ್ದರೆ ಕಣ್ಣು ಕತ್ತಲೆ, ಮೆಟ್ಟಿಲು ಹತ್ತಿದರೆ ಏದುಸಿರು ಎಂದು ಮನೆಯ ಹೆಂಗಸು ಹೇಳಿದರೆ ಅಳವಿಯನ್ನು ನೆಚ್ಚಿ ಕೂರಬೇಡಿ. ರಕ್ತ ಪರೀಕ್ಷೆ ಮಾಡಿಸಿ, ವೈದ್ಯರು ಕೊಟ್ಟ ಕಬ್ಬಿಣದ ಗುಳಿಗೆಯನ್ನು ಹೇಳಿದಷ್ಟು ದಿನವೂ ತಪ್ಪದೆ ತೆಗೆದುಕೊಳ್ಳುವಂತೆ ನೋಡಿಕೊಳ್ಳಿ. ಅಳವಿ ಔಷಧವಲ್ಲ, ಊಟ. ಊಟವೆಂದ ಮೇಲೆ ಅದು ವರ್ಷಕ್ಕೊಮ್ಮೆಯದಲ್ಲ, ಒಬ್ಬರದೂ ಅಲ್ಲ.

ಇಂದು ಒಂದು ಚಮಚ ಬೀಜ ಚೆಲ್ಲಿದರೆ ಮುಂದಿನ ವಾರಕ್ಕೆ ಕೋಸಂಬರಿಗೆ ಸೊಪ್ಪು ಸಿದ್ಧ. ಮೊದಲ ತಟ್ಟೆಯ ಸೊಪ್ಪನ್ನು, ಎಲ್ಲರಿಗೂ ಬಡಿಸಿ ಕಡೆಗೆ ಕೂರುವವರ ಎಲೆಗೆ ಮೊದಲು ಬಡಿಸಿರಿ.