ಹಳೆಯ ವಾಲ್ವಿನಿಂದ ಬ್ಯಾಟರಿ ತುಂಬೀತೇ?



ಹಳೆಯ ರೇಡಿಯೋದ ಗಾಜಿನ ವಾಲ್ವೊಂದನ್ನು ಗುಜರಿಯಿಂದ ತಂದು, ಮನೆಯಲ್ಲೇ ಬ್ಯಾಟರಿ ಚಾರ್ಜರ್ ಕಟ್ಟಬಹುದೇ? ಕೈಕೆಲಸದ ಹವ್ಯಾಸವುಳ್ಳ ನಮ್ಮ ತರುಣರಿಗೆ ಸಹಜವಾಗಿಯೇ ಏಳುವ ಪ್ರಶ್ನೆ ಇದು. ಕಟ್ಟಲು ಬರುತ್ತದೆ, ಆದರೆ ಕಟ್ಟಬಾರದು. ಏಕೆಂಬುದನ್ನು ಇಂದು ವಿಚಾರ ಮಾಡೋಣ.

ಬ್ಯಾಟರಿಯ ಸಹವಾಸ ನಮಗೆ ಹೊಸದಲ್ಲ. ವಿದ್ಯುತ್ತು ಬಾರದ ಕಾಲದಲ್ಲಿ ನಮ್ಮ ಕಡೆಯ ಹಳ್ಳಿಗಳಲ್ಲಿ ರೇಡಿಯೋ ಹಾಡಿದ್ದು ಬ್ಯಾಟರಿಯ ಬಲದಿಂದಲೇ. ಇಲ್ಲಿ ಭಿವಂಡಿಯಲ್ಲಿ, 2007ರ ಜನವರಿ 26ರಂದು ವಿದ್ಯುತ್ ವಿತರಣೆ ಟೊರೆಂಟ್ ಪವರ್ ಕಂಪನಿಯ ಕೈಗೆ ಬರುವುದಕ್ಕೆ ಮುಂಚಿನ ವರ್ಷಗಳಲ್ಲಿ, ದಿನಕ್ಕೆ ಎಷ್ಟೋ ಗಂಟೆ ಕರೆಂಟು ಇರುತ್ತಿರಲಿಲ್ಲ. ಮಗ್ಗಗಳು ನಿಲ್ಲುತ್ತಿದ್ದವು; ಕೋಣೆಗಳು ಕತ್ತಲಾಗುತ್ತಿದ್ದವು. ದೀಪಕ್ಕೊಂದು ಬ್ಯಾಟರಿ ಇಟ್ಟುಕೊಳ್ಳುವ ರೂಢಿ ಇನ್ನೂ ಹೋಗಿಲ್ಲ.

ಗೋಡೆಯ ಪ್ಲಗ್ಗಿನಿಂದ ಬರುವ ವಿದ್ಯುತ್ತು ಸೆಕೆಂಡಿಗೆ 50 ಸಲ ಹಿಂದುಮುಂದಾಗಿ ಹರಿಯುತ್ತದೆ. ಬ್ಯಾಟರಿಗೆ ಬೇಕಾದದ್ದು ಒಂದೇ ದಿಕ್ಕಿನ ಪ್ರವಾಹ. ಮಗ್ಗದಲ್ಲಿ ಬಟ್ಟೆ ಸುತ್ತುವ ಹಲ್ಲುಚಕ್ರವನ್ನು ನೋಡಿದವರಿಗೆ ಇದನ್ನು ಹೆಚ್ಚು ಹೇಳಬೇಕಾಗಿಲ್ಲ: ಚಕ್ರ ಮುಂದಕ್ಕೆ ಸರಿಯುತ್ತದೆ, ಹಿಂದಕ್ಕೆ ತಿರುಗದಂತೆ ಒಂದು ನಾಲಿಗೆ ತಡೆಯುತ್ತದೆ. 1904ರಲ್ಲಿ ಇಂಗ್ಲೆಂಡಿನ ಫ್ಲೆಮಿಂಗ್ ಎಂಬ ವಿಜ್ಞಾನಿ ವಿದ್ಯುತ್ತಿಗೂ ಅಂಥದೊಂದು ನಾಲಿಗೆಯನ್ನು ಮಾಡಿದರು. ಗಾಳಿ ತೆಗೆದ ಗಾಜಿನ ಬುರುಡೆಯಲ್ಲಿ ಕಾದ ತಂತಿಯಿಂದ ಎಲೆಕ್ಟ್ರಾನುಗಳು ಹೊರಟು ಎದುರಿನ ತಗಡನ್ನು ಸೇರುತ್ತವೆ. ತಣ್ಣಗಿರುವ ತಗಡಿನಿಂದ ಮರಳಿ ಬರಲಾರವು. ಇದೇ ವಾಲ್ವು. ನಮ್ಮ ಬೆಂಗಳೂರಿನ ಜಾಲಹಳ್ಳಿಯಲ್ಲಿ 1954ರಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯೂ ಮುಂದೆ ರೇಡಿಯೋ ವಾಲ್ವುಗಳನ್ನು ತಯಾರಿಸಿತು.

ಹಾಗಾದರೆ ತೊಡಕೇನು? ಲೆಕ್ಕ ಹಾಕಿ ನೋಡೋಣ. ರೇಡಿಯೋಗಳಲ್ಲಿ ಬಹಳ ಬಳಕೆಯಲ್ಲಿದ್ದ '5 ವೈ 3' ಎಂಬ ವಾಲ್ವನ್ನು ತೆಗೆದುಕೊಳ್ಳಿ. ಅದು ಕೊಡಬಲ್ಲ ಪ್ರವಾಹ ಒಂದು ಆಂಪಿಯರಿನ ಎಂಟನೆಯ ಒಂದು ಭಾಗ. 12 ವೋಲ್ಟಿನ, 40 ಆಂಪಿಯರ್-ಗಂಟೆಯ ಬ್ಯಾಟರಿ ತುಂಬಲು 320 ಗಂಟೆ, ಅಂದರೆ ಹದಿಮೂರು ದಿನಕ್ಕೂ ಮಿಕ್ಕಿ ಬೇಕು. ಅಷ್ಟು ಹೊತ್ತೂ ಒಳಗಿನ ತಂತಿಯನ್ನು ಕಾಯಿಸುವುದಕ್ಕೇ 10 ವಾಟ್ ಖರ್ಚು. ವಾಲ್ವನ್ನು ದಾಟುವಾಗ ಸುಮಾರು 50 ವೋಲ್ಟು ನಷ್ಟವಾಗಿ ಇನ್ನೂ 6 ವಾಟ್ ಬಿಸಿಯಾಗಿ ಹೋಗುತ್ತದೆ. ಬ್ಯಾಟರಿಗೆ ಮುಟ್ಟುವುದು 2 ವಾಟಿಗೂ ಕಡಿಮೆ! ಒಟ್ಟು ಐದೂವರೆ ಯೂನಿಟ್ಟಿಗೂ ಹೆಚ್ಚು ಕರೆಂಟು ಸುಟ್ಟು, ಅರ್ಧ ಯೂನಿಟ್ಟಿನಷ್ಟನ್ನು ಬ್ಯಾಟರಿಗೆ ತುಂಬಿದಂತಾಯಿತು. ಆಣೆಯ ಕೋಳಿಗೆ ರೂಪಾಯಿಯ ಮಸಾಲೆ ಅರೆದ ಹಾಗೆ.

ಹಿಂದಿನವರಿಗೆ ಇದು ತಿಳಿಯದೆ ಇರಲಿಲ್ಲ. ಅದಕ್ಕೆಂದೇ ಅಮೆರಿಕದಲ್ಲಿ 1910ರ ದಶಕದಲ್ಲಿ 'ಟಂಗಾರ್' ಬುರುಡೆ ಬಂತು. ಟಂಗ್‌ಸ್ಟನ್ ತಂತಿ, ಆರ್ಗಾನ್ ಅನಿಲ, ಎರಡೂ ಸೇರಿ ಆ ಹೆಸರು. ಬರಿಯ ನಿರ್ವಾತದಲ್ಲಿ ಎಲೆಕ್ಟ್ರಾನುಗಳು ಒಂದನ್ನೊಂದು ಹಿಂದಕ್ಕೆ ತಳ್ಳುತ್ತವೆ. ಅನಿಲವಿದ್ದರೆ ಆ ಅಡ್ಡಿ ಕಳೆದು ಹಲವು ಆಂಪಿಯರ್ ಸಲೀಸಾಗಿ ಹರಿಯುತ್ತದೆ. ಬ್ಯಾಟರಿ ತುಂಬಲು ಬಳಕೆಗೆ ಬಂದದ್ದು ಇಂಥ ಬುರುಡೆ, ರೇಡಿಯೋದ ವಾಲ್ವಲ್ಲ. ಈಗ ಸಿಲಿಕಾನ್ ಡಯೋಡು ಆ ಕೆಲಸವನ್ನು ಮಾಡುತ್ತದೆ. ತಕ್ಕ ಡಯೋಡುಗಳು ನಾಲ್ಕಿದ್ದರೆ 4 ಆಂಪಿಯರ್ ಕೊಟ್ಟು ಹತ್ತು ಹನ್ನೆರಡು ಗಂಟೆಯಲ್ಲಿ ಅದೇ ಬ್ಯಾಟರಿಯನ್ನು ತುಂಬುತ್ತವೆ; ನಷ್ಟ ಸುಮಾರು 2 ವೋಲ್ಟು ಮಾತ್ರ.

ದುಡ್ಡಿನ ಮಾತು ಹಾಗಿರಲಿ, ಜೀವದ ಮಾತಿಗೆ ಬರೋಣ. ರೇಡಿಯೋದ ಟ್ರಾನ್ಸ್‌ಫಾರ್ಮರ್ ವಾಲ್ವಿಗೆ ಕೊಡುವುದು ಇನ್ನೂರು ಮುನ್ನೂರು ವೋಲ್ಟು. ಪ್ಲಗ್ಗು ತೆಗೆದ ಮೇಲೂ ಕೆಪಾಸಿಟರುಗಳಲ್ಲಿ ಅದು ಉಳಿದಿರುತ್ತದೆ. ಕೆಲವರು ಟ್ರಾನ್ಸ್‌ಫಾರ್ಮರಿನ ಖರ್ಚು ಉಳಿಸಲು ನೇರವಾಗಿ 230 ವೋಲ್ಟನ್ನೇ ವಾಲ್ವಿಗೋ ಡಯೋಡಿಗೋ ಕೊಡುತ್ತಾರೆ. ಆಗ 12 ವೋಲ್ಟಿನ ಬ್ಯಾಟರಿ ಎಂದು ಮುಟ್ಟಿದವನಿಗೆ ತಗಲುವುದು ಮೇನ್ಸಿನ ಶಾಕು. ನಮ್ಮ ಕೋಣೆಗಳ ಸ್ಥಿತಿ ನಿಮಗೆ ಗೊತ್ತು: ಹನ್ನೆರಡು ಗಂಟೆಯ ಪಾಳಿ ಮುಗಿಸಿದವರು ಮಲಗಿರುತ್ತಾರೆ, ಮಗ್ಗುಲಲ್ಲೇ ಒಲೆ ಉರಿಯುತ್ತದೆ, ನೆಲ ಒದ್ದೆಯಾಗಿರುತ್ತದೆ. ಕಟ್ಟಿದವನಿಗೆ ಅಪಾಯ ತಿಳಿದಿದ್ದೀತು. ನಿದ್ದೆಯಲ್ಲಿ ಕೈ ಚಾಚಿದವನಿಗೆ ತಿಳಿದಿರುವುದಿಲ್ಲ.

ಆದ್ದರಿಂದ ಕೆಲವು ಮಾತುಗಳನ್ನು ನೆನಪಿಡೋಣ. ತಯಾರಾದ ಒಳ್ಳೆಯ ಚಾರ್ಜರನ್ನು ಕೊಳ್ಳುವುದೇ ಲೇಸು. ಕೆಟ್ಟರೆ ಬಲ್ಲವರಿಂದ ರಿಪೇರಿ ಮಾಡಿಸಬೇಕು; ಫ್ಯೂಜಿನ ಜಾಗದಲ್ಲಿ ದಪ್ಪ ತಂತಿ ಸುತ್ತಬಾರದು. ಆಂಪಿಯರ್-ಗಂಟೆಯ ಹತ್ತನೆಯ ಒಂದು ಭಾಗಕ್ಕಿಂತ ಹೆಚ್ಚು ಪ್ರವಾಹ ಬೇಡ. ನೀರು ಹಾಕುವ 12 ವೋಲ್ಟಿನ ಬ್ಯಾಟರಿ ಸುಮಾರು 14.4 ವೋಲ್ಟಿಗೆ ಬಂದಾಗ ಚಾರ್ಜು ತಗ್ಗಬೇಕು. ತುಂಬುವ ಬ್ಯಾಟರಿ ಜಲಜನಕವನ್ನು ಬಿಡುತ್ತದೆ. ಗಾಳಿಯಲ್ಲಿ ಅದು ನೂರಕ್ಕೆ ನಾಲ್ಕು ಪಾಲಾದರೂ ಸಾಕು, ಕಿಡಿ ತಗುಲಿದರೆ ಹೊತ್ತಿಕೊಳ್ಳುತ್ತದೆ. ಕಿಟಕಿ ತೆರೆದಿರಲಿ, ಬೀಡಿ, ಊದುಬತ್ತಿ, ಒಲೆ ದೂರವಿರಲಿ. ಕ್ಲಿಪ್ಪು ಬಿಚ್ಚುವ ಮುಂಚೆ ಸ್ವಿಚ್ಚು ಆರಿಸಿ. ಆಮ್ಲ ಸಿಡಿದರೆ ತಡಮಾಡದೆ ಧಾರಾಳ ನೀರಿನಲ್ಲಿ ತೊಳೆದು, ಕಣ್ಣಿಗಾದರೆ ತೊಳೆದ ಬಳಿಕ ವೈದ್ಯರಲ್ಲಿಗೆ ಹೋಗಿ.

ಹಳೆಯ ವಾಲ್ವನ್ನು ಎಸೆಯಿರೆಂದು ನಾವು ಹೇಳುವುದಿಲ್ಲ. ಅದು ಯಾವ ರೇಡಿಯೋಕ್ಕಾಗಿ ಹುಟ್ಟಿತೋ ಅಂಥ ರೇಡಿಯೋ ಯಾರ ಮನೆಯಲ್ಲಾದರೂ ಮೂಕವಾಗಿ ಕುಳಿತಿರಬಹುದು. ಅಲ್ಲಿಗೆ ಸೇರಿಸಿದರೆ ಅದು ಮತ್ತೆ ಮಾತಾಡೀತು. ಕಲಿಯುವ ಆಸೆಯನ್ನೂ ಬಿಡಬೇಡಿ. ಆದರೆ ಕಲಿಯುವುದು ಬಲ್ಲವರ ಎದುರಿನಲ್ಲಿ, ಮೇಜಿನ ಮೇಲೆ ಆಗಲಿ. ಹತ್ತು ಜನ ಮಲಗುವ ಕೋಣೆಯಲ್ಲಿ ಬೇಡ. ದುಡಿಯಲು ಬಂದ ಊರಿನಲ್ಲಿ ಒಬ್ಬರ ಜೀವಕ್ಕೆ ಇನ್ನೊಬ್ಬರು ಹೊಣೆ.