ಯಂತ್ರದ ನಿಖರತೆ, ಕಾಲಿನ ಸ್ವಭಾವ: ರೋಬೋಟ್ ನೆರವಿನ ಕೀಲು ಬದಲಿ ಕುರಿತು



ಯಾರ ನೆನಪಿನಲ್ಲಿ ಈ ದತ್ತಿ ಉಪನ್ಯಾಸ ನಡೆಯುತ್ತಿದೆಯೋ ಆ ಡಾಕ್ಟರು ಮಂಡಿನೋವೆಂದು ಬಂದವರನ್ನು ಮೊದಲು ನಾಲ್ಕು ಹೆಜ್ಜೆ ನಡೆಸಿ ನೋಡುತ್ತಿದ್ದರು, ಆಮೇಲೆಯೇ ಎಕ್ಸ್‌ರೇ ಕೈಗೆತ್ತಿಕೊಳ್ಳುತ್ತಿದ್ದರು ಎಂದು ಅವರ ಶಿಷ್ಯರು ಹೇಳುತ್ತಾರೆ. ಅಂಥವರ ಹೆಸರಿನ ವೇದಿಕೆಗೆ ನನ್ನನ್ನು ಕರೆದದ್ದಕ್ಕೆ ನಾನು ಋಣಿ.

ಕೀಲು ಬದಲಿ ಯಾರಿಗೆ ಬೇಕು, ಎಷ್ಟು ದಿನಕ್ಕೆ ಓಡಾಡಬಹುದು ಎಂಬುದನ್ನೆಲ್ಲ ಇಲ್ಲಿ ವಿವರಿಸುವುದಿಲ್ಲ. ಅದನ್ನು ನಿಮ್ಮ ಡಾಕ್ಟರೇ ಹೇಳುತ್ತಾರೆ. ಇಂಗ್ಲೆಂಡಿನ ರೈಟಿಂಗ್ಟನ್ ಆಸ್ಪತ್ರೆಯಲ್ಲಿ ಜಾನ್ ಚಾರ್ನ್ಲಿ 1962ರಲ್ಲಿ ಲೋಹದ ಗುಂಡಿಗೆ ಪಾಲಿಎಥಿಲೀನ್ ಬಟ್ಟಲು ಜೋಡಿಸಿದ ಮೇಲೆ ಸೊಂಟದ ಕೀಲು ಬದಲಿ ಶಸ್ತ್ರಕ್ರಿಯೆಗೆ ಭದ್ರ ನೆಲೆ ಸಿಕ್ಕಿತು. ಮಂಡಿಯದೂ ಅದರ ಬೆನ್ನಿಗೇ ಬಂತು. ಇಷ್ಟು ಸಾಕು.

ರೋಬೋಟ್ ಎಂದಕೂಡಲೇ ಯಂತ್ರವೇ ಆಪರೇಷನ್ ಮಾಡಿಬಿಡುತ್ತದೆ ಎಂದುಕೊಳ್ಳುವವರಿದ್ದಾರೆ. ಮೇಕೋ ಎಂಬ ಯಂತ್ರದಲ್ಲಿ ಗರಗಸ ಸರ್ಜನ್ನರ ಕೈಯಲ್ಲೇ ಇರುತ್ತದೆ. ಸಿಟಿ ಸ್ಕ್ಯಾನಿನಿಂದ ಮೂಳೆಯ ನಕ್ಷೆ ಮೊದಲೇ ತಯಾರಾಗಿರುತ್ತದೆ. ಮೂಳೆಗೆ ಪಿನ್ನಿನಿಂದ ಕೂರಿಸಿದ ಗುರುತುಗಳನ್ನು ಕ್ಯಾಮೆರಾ ಹಿಂಬಾಲಿಸುತ್ತದೆ. ಗೊತ್ತುಮಾಡಿದ ಗಡಿಯನ್ನು ಗರಗಸ ದಾಟಹೊರಟರೆ ಯಂತ್ರದ ತೋಳು ತಡೆಯುತ್ತದೆ. ರೋಸಾ ಎಂಬ ಯಂತ್ರ ಕೊಯ್ಯುವ ಅಚ್ಚನ್ನು ಸರಿಯಾದ ಜಾಗದಲ್ಲಿ ಹಿಡಿದು ನಿಲ್ಲುತ್ತದೆ. ಕೋರಿ ಎಂಬ ಯಂತ್ರಕ್ಕೆ ಸ್ಕ್ಯಾನೂ ಬೇಡ. ಆಪರೇಷನ್ ಮೇಜಿನ ಮೇಲೆಯೇ ಮೂಳೆಯ ಮೇಲ್ಮೈಯನ್ನು ಗುರುತಿಸಿಕೊಳ್ಳುತ್ತದೆ.

ಇವುಗಳ ಹಿರಿಯಣ್ಣ ರೋಬೊಡಾಕ್. ಪಶುವೈದ್ಯ ಹ್ಯಾಪ್ ಪಾಲ್, ಮೂಳೆ ಸರ್ಜನ್ ವಿಲಿಯಂ ಬಾರ್ಗರ್ ಸೇರಿ ರೂಪಿಸಿದ ಇದು ಮೊದಲು ನಾಯಿಗಳ ಮೇಲೆ, 1992ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊದಲ್ಲಿ ಮನುಷ್ಯರ ಮೇಲೆ ಬಳಕೆಯಾಯಿತು. ತೊಡೆಮೂಳೆಯ ಒಳಭಾಗವನ್ನು ಇದು ತಾನೇ ಕೊರೆಯುತ್ತಿತ್ತು. ಜರ್ಮನಿ ಇದನ್ನು ಉತ್ಸಾಹದಿಂದ ಅಪ್ಪಿಕೊಂಡಿತು. 2003ರಲ್ಲಿ ಅಲ್ಲಿನ ಹೋನ್ಲ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನವನ್ನು ನಮ್ಮ ವಿದ್ಯಾರ್ಥಿಗಳೆಲ್ಲ ಓದಬೇಕು. ರೋಬೋಟಿನ ಪಾಲಿಗೆ ಬಂದ 74 ಜನರಲ್ಲಿ 13 ಮಂದಿಗೆ ಯಂತ್ರವನ್ನು ನಡುವೆಯೇ ಬಿಟ್ಟು ಕೈಯಿಂದ ಮುಗಿಸಬೇಕಾಯಿತು. ಉಳಿದವರಲ್ಲಿ ಕೀಲು ಜಾರಿದ್ದು ಶೇ. 18ರಷ್ಟು ಜನರಿಗೆ, ಕೈಯಿಂದಲೇ ಮಾಡಿಸಿಕೊಂಡವರಲ್ಲಿ ಶೇ. 4ರಷ್ಟು. ಹಾಗಿದ್ದೂ ಕಾಲುಗಳ ಉದ್ದ ಹೊಂದಿಸುವುದರಲ್ಲಿ, ಕೀಲಿನ ದಂಡವನ್ನು ನೇರ ಕೂರಿಸುವುದರಲ್ಲಿ ರೋಬೋಟೇ ಮೇಲುಗೈ ಸಾಧಿಸಿತ್ತು. ಎಕ್ಸ್‌ರೇಯಲ್ಲಿ ಗೆದ್ದ ಯಂತ್ರ ರೋಗಿಯ ಸೊಂಟದಲ್ಲಿ ಸೋತಿತು. ಯಂತ್ರಗಳು ಆಮೇಲೆ ಬಹಳ ಸುಧಾರಿಸಿವೆ, ನಿಜ. ಆದರೆ ಈ ಪಾಠ ಹಳೆಯದಾಗಿಲ್ಲ.

ಈಗ ನನ್ನ ವಾದಕ್ಕೆ ಬರುತ್ತೇನೆ. ರೋಬೋಟ್ ಕೊಟ್ಟ ಕೋನವನ್ನು ಚಾಚೂ ತಪ್ಪದೆ ಕೊಯ್ಯುತ್ತದೆ, ಸರಿ. ಆ ಕೋನ ಯಾವುದಿರಬೇಕು? ಅಳತೆಯೇ ಇನ್ನೊಬ್ಬರದಾದರೆ ಕತ್ತರಿ ಎಷ್ಟು ಹರಿತವಿದ್ದೂ ಅಂಗಿ ಮೈಗೆ ಕೂರುವುದಿಲ್ಲ.

ಸೊಂಟದ ಕೀಲಿನ ನಡುವಿನಿಂದ ಪಾದದ ಕೀಲಿನ ನಡುವಿಗೆ ಎಳೆದ ಗೆರೆ ಮಂಡಿಯ ಮಧ್ಯೆ ಹಾಯಬೇಕು, ಮೂರು ಡಿಗ್ರಿಗಿಂತ ಹೆಚ್ಚು ಆಚೀಚೆ ಆಗಬಾರದು ಎಂಬುದೇ ನಾವು ಕಲಿತ ನಿಯಮ. 2010ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್ಕಿನವರು 398 ಮಂಡಿಗಳನ್ನು ಹದಿನೈದು ವರ್ಷಗಳ ಲೆಕ್ಕದಲ್ಲಿ ನೋಡಿದಾಗ, ಈ ಮಿತಿಯೊಳಗಿದ್ದ ಕೀಲುಗಳು ಹೊರಗಿದ್ದವಕ್ಕಿಂತ ಹೆಚ್ಚು ಕಾಲ ಬಾಳಿರಲಿಲ್ಲ. 2012ರಲ್ಲಿ ಬೆಲ್ಜಿಯಂನ ಬೆಲ್ಲೆಮನ್ಸ್ ಆರೋಗ್ಯವಂತ ತರುಣ ತರುಣಿಯರ ಕಾಲುಗಳನ್ನು ಅಳೆದರು. ಗಂಡಸರಲ್ಲಿ ಶೇ. 32, ಹೆಂಗಸರಲ್ಲಿ ಶೇ. 17 ಮಂದಿಯ ಕಾಲು ಸಹಜವಾಗಿಯೇ ಮೂರು ಡಿಗ್ರಿ ಅಥವಾ ಹೆಚ್ಚು ಬಿಲ್ಲುಗಾಲು!

ನಮ್ಮಲ್ಲಿ ಮಂಡಿ ಸವೆದು ಬರುವವರಲ್ಲಿ ಹೆಚ್ಚಿನವರದು ಬಿಲ್ಲುಗಾಲೇ. ನಿಲ್ಲಿಸಿ ತೆಗೆಸಿದ ಇಡೀ ಕಾಲಿನ ಎಕ್ಸ್‌ರೇಗಳನ್ನು ನಾನು ಎಡ-ಬಲ ಹೋಲಿಸುತ್ತಲೇ ಬಂದಿದ್ದೇನೆ. ಒಂದೇ ಮಂಡಿ ಸವೆದವರ ಇನ್ನೊಂದು ಕಾಲನ್ನು, ನೋವಿಲ್ಲದ ಕಾಲನ್ನು, ನೋಡಿ. ಅದೂ ಅನೇಕರಲ್ಲಿ ಬಾಗಿಯೇ ಇರುತ್ತದೆ. ಅಂದರೆ ಆ ಬಾಗು ಪೂರ್ತಿ ರೋಗದ್ದಲ್ಲ; ಒಂದಿಷ್ಟು ಆ ಮನುಷ್ಯನದೇ. ಅದನ್ನು ಕಡ್ಡಿಯಂತೆ ನೇರ ಮಾಡಲು ಹೊರಟಾಗ ಒಳಬದಿಯ ಅಸ್ಥಿರಜ್ಜುವನ್ನು ಸಡಿಲಿಸಬೇಕಾಗುತ್ತದೆ. ನೋವು ಹೋದರೂ "ಇದು ನನ್ನ ಕಾಲು ಅನ್ನಿಸೋಲ್ಲ ಡಾಕ್ಟ್ರೇ" ಎನ್ನುವವರ ಮಾತನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ. ಕೆನಡಾದ ಒಂಟೇರಿಯೊದಲ್ಲಿ 2010ರ ಅಧ್ಯಯನವೊಂದರಲ್ಲಿ ಮಂಡಿ ಬದಲಿಸಿಕೊಂಡವರಲ್ಲಿ ಶೇ. 19 ಮಂದಿ ತೃಪ್ತರಾಗಿರಲಿಲ್ಲ.

ಮಂಡಿ ಸವೆಯುವ ಮುಂಚಿನ ಬಾಗನ್ನು ಇದ್ದಂತೆಯೇ ಉಳಿಸಬೇಕೆಂಬ ಸರ್ಜನ್ ಸ್ಟೀಫನ್ ಹೋವೆಲ್ ಅವರ ಪಂಥವನ್ನೂ ನಾನು ಪೂರ್ತಿ ಒಪ್ಪುವುದಿಲ್ಲ. ತೀವ್ರವಾಗಿ ಬಾಗಿದ ಕಾಲನ್ನು ಹಾಗೆಯೇ ಬಿಟ್ಟರೆ ಭಾರವೆಲ್ಲ ಒಳಬದಿಗೆ ಬಿದ್ದು ಕೀಲು ಸಡಿಲಾದೀತೆಂಬ ಭಯ ಸುಳ್ಳಲ್ಲ. ಒಂದು ಮಿತಿಯೊಳಗೆ ಉಳಿಸಬೇಕು; ಆ ಮಿತಿಯನ್ನು ರೋಗಿ ರೋಗಿಗೂ ನಿರ್ಧರಿಸಬೇಕು. ರೋಬೋಟಿನ ನಿಜವಾದ ಉಪಯೋಗ ನನಗೆ ಕಾಣುವುದು ಇಲ್ಲಿ. ಒಂದೆರಡು ಡಿಗ್ರಿಯ ಅಂತರವನ್ನು ಬೇಕೆಂದೇ ಇಟ್ಟು, ರಜ್ಜುಗಳ ಬಿಗಿಯನ್ನು ಮೂಳೆ ಕೊಯ್ಯುವ ಮೊದಲೇ ಅಳೆಯಬಹುದು.

"ಯಂತ್ರ ತಂದರೆ ಫಲಿತಾಂಶ ತಾನಾಗಿ ಸುಧಾರಿಸುತ್ತದೆ" ಎನ್ನುವವರಿಗೆ ಕೊರಿಯಾದ ಯಂಗ್-ಹೂ ಕಿಮ್ ಉತ್ತರ ಕೊಟ್ಟಿದ್ದಾರೆ. ಸಾವಿರಕ್ಕೂ ಮಿಕ್ಕಿದ ರೋಗಿಗಳನ್ನು ಹತ್ತು ವರ್ಷಕ್ಕೂ ಹೆಚ್ಚು ಕಾಲ ಹಿಂಬಾಲಿಸಿ 2020ರಲ್ಲಿ ಪ್ರಕಟಿಸಿದ ಅವರ ಅಧ್ಯಯನದಲ್ಲಿ, ರೋಬೊಡಾಕ್ ಬಳಸಿದ ಮಂಡಿಗೂ ಕೈಯಿಂದ ಮಾಡಿದ ಮಂಡಿಗೂ ಮಂಡಿಯ ಕಾರ್ಯದಲ್ಲಾಗಲೀ ಬಾಳಿಕೆಯಲ್ಲಾಗಲೀ ವ್ಯತ್ಯಾಸ ಕಾಣಲಿಲ್ಲ. "ಇದೆಲ್ಲ ಬರೀ ಜಾಹೀರಾತು" ಎನ್ನುವವರೂ ಅಷ್ಟೇ ಆತುರದವರು. ಲಂಡನ್ನಿನ ಆಕ್ರೊಬಾಟ್ ಯಂತ್ರ 2006ರ ಅಧ್ಯಯನವೊಂದರಲ್ಲಿ ಭಾಗಶಃ ಮಂಡಿ ಬದಲಿಯ ಎಲ್ಲ ರೋಗಿಗಳಲ್ಲೂ ಯೋಜಿಸಿದ ಕೋನದ ಎರಡು ಡಿಗ್ರಿಯೊಳಗೆ ಕೀಲನ್ನು ಕೂರಿಸಿತು. ಕೈಯಿಂದ ಮಾಡಿದ್ದರಲ್ಲಿ ಅದು ಸಾಧ್ಯವಾದದ್ದು ಶೇ. 40ರಲ್ಲಿ ಮಾತ್ರ. ಮಂಡಿಯ ಒಂದೇ ಬದಿಯನ್ನು ಬದಲಿಸುವ ಆ ನಾಜೂಕು ಕೆಲಸದಲ್ಲಿ ಇದು ಸಣ್ಣ ಮಾತಲ್ಲ.

ಸೊಂಟದ ಕೀಲಿನದೂ ಇದೇ ಕಥೆ. ಬಟ್ಟಲನ್ನು ಎಷ್ಟು ಓರೆಯಾಗಿ ಕೂರಿಸಬೇಕೆಂಬ ಲೆವಿನೆಕ್ ಅವರ 'ಸುರಕ್ಷಿತ ವಲಯ' 1978ರದು. 300 ಸೊಂಟಗಳ ಆ ಅಧ್ಯಯನದಲ್ಲಿ ಜಾರಿದ್ದ ಕೀಲುಗಳು ಕೇವಲ 9. 2016ರಲ್ಲಿ ಮೇಯೊ ಕ್ಲಿನಿಕ್ಕಿನವರು ಜಾರಿದ ಕೀಲುಗಳನ್ನು ಪರಿಶೀಲಿಸಿದರೆ, ಶೇ. 58ರಷ್ಟು ಆ ವಲಯದ ಒಳಗೇ ಇದ್ದವು. ರೋಬೋಟ್ ಬಟ್ಟಲನ್ನು ಆ ವಲಯದಲ್ಲಿ ಕೂರಿಸಿತೆಂದು ಸಮಾಧಾನಪಡುವ ಮೊದಲು, ಈ ರೋಗಿಯ ಬೆನ್ನುಮೂಳೆ ಕೂತಾಗ, ನಿಂತಾಗ ಎಷ್ಟು ಬಾಗುತ್ತದೆ, ಇವರು ಮನೆಯಲ್ಲಿ ನೆಲದ ಮೇಲೆ ಕೂರುವವರೇ ಎಂದು ವಿಚಾರಿಸಬೇಕಲ್ಲವೆ? ಮೊದಲು ನಡೆಸಿ ನೋಡುತ್ತಿದ್ದ ಆ ಡಾಕ್ಟರ ಕ್ರಮ ಇಂದಿನ ಸ್ಕ್ಯಾನಿನ ಕಾಲದಲ್ಲೂ ನನಗೆ ಮಾದರಿ.

ಇನ್ನು ಹಣದ ವಿಷಯ. 2017ರ ಆಗಸ್ಟಿನಲ್ಲಿ ಕೇಂದ್ರದ ಔಷಧ ಬೆಲೆ ಪ್ರಾಧಿಕಾರ ಮಂಡಿಯ ಕೃತಕ ಕೀಲಿಗೆ ಗರಿಷ್ಠ ಬೆಲೆ ನಿಗದಿಮಾಡಿತು. ಕೋಬಾಲ್ಟ್ ಕ್ರೋಮಿಯಂ ಕೀಲಿಗೆ, ತೆರಿಗೆ ಬಿಟ್ಟು, ಆಗ 54,720 ರೂಪಾಯಿ. ಆದರೆ ಆ ಮಿತಿ ಹಾಕಿದ್ದು ಕೀಲಿಗೆ, ರೋಬೋಟಿನ ಶುಲ್ಕಕ್ಕಲ್ಲ. ಹೊಲದ ಸಾಲವನ್ನೋ ಮಗಳ ಒಡವೆಯನ್ನೋ ನಂಬಿ ಆಸ್ಪತ್ರೆಗೆ ಬರುವವರ ಮುಂದೆ "ರೋಬೋಟೇ ಒಳ್ಳೆಯದು" ಎಂದಷ್ಟೇ ಹೇಳಿ ಸಹಿ ಹಾಕಿಸಿಕೊಳ್ಳುವುದು ಅನ್ಯಾಯ.

ಸ್ವೀಡನ್ 1975ರಿಂದ ಮಂಡಿ ಬದಲಿಗಳ ರಾಷ್ಟ್ರೀಯ ದಾಖಲೆ ಇಟ್ಟಿದೆ. ನಮ್ಮ ದೇಶದ ಸೊಂಟ-ಮಂಡಿ ಸರ್ಜನ್ನರ ಸಂಘದ ದಾಖಲೆಗೆ ವಿವರ ಕೊಡುವುದು ಇನ್ನೂ ಅವರವರ ಇಷ್ಟಕ್ಕೆ ಬಿಟ್ಟದ್ದು. ಅದು ಕಡ್ಡಾಯವಾಗುವವರೆಗೆ ಕಾಯಬೇಕಿಲ್ಲ. ಯಾವ ಕೋನ ಗೊತ್ತುಮಾಡಿದೆವು, ಏಕೆ, ಕೊನೆಗೆ ಬಂದದ್ದೆಷ್ಟು, ಯಂತ್ರಕ್ಕೆಂದು ಎಷ್ಟು ಹಣ ತೆಗೆದುಕೊಂಡೆವು ಎಂಬ ನಾಲ್ಕು ಸಾಲುಗಳನ್ನು ಪ್ರತಿ ರೋಗಿಯ ಡಿಸ್ಚಾರ್ಜ್ ಚೀಟಿಯಲ್ಲಿ ಕನ್ನಡದಲ್ಲೇ ಬರೆದುಕೊಡುವ ಕೆಲಸವನ್ನು ಈ ಸಭಾಂಗಣದಲ್ಲಿರುವ ಸರ್ಜನ್ನರು ನಾಳೆಯಿಂದಲೇ ಆರಂಭಿಸಬಹುದು.