ಏರುದಾರಿಗೆ ಮೂರು ಹಲ್ಲುಚಕ್ರ

ಗೋಣಿಬೀಡಿನ ಸುತ್ತಲಿನ ಕಾಫಿ ತೋಟಗಳ ನಡುವೆ ಸಪಾಟಾದ ದಾರಿ ಅಪರೂಪ. ಹಳ್ಳಕ್ಕಿಳಿದ ರಸ್ತೆ ಮತ್ತೆ ದಿಣ್ಣೆ ಹತ್ತುತ್ತದೆ. ಇಂಥಲ್ಲಿ ಒಂದೇ ಗೇರಿನ ಸೈಕಲ್ಲನ್ನು ಅರ್ಧ ದಾರಿ ತಳ್ಳಿಕೊಂಡು ಹೋಗುವವರನ್ನು ನೀವು ಕಂಡಿರಬಹುದು. ಅದು ಅವರ ಕಾಲಿನ ಕಸುವಿನ ಕೊರತೆಯಲ್ಲ, ಹಲ್ಲುಗಳ ಲೆಕ್ಕ.

ಪೆಡಲಿನ ಬಳಿಯ ಚಕ್ರಕ್ಕೆ 44 ಹಲ್ಲು, ಹಿಂದಿನ ಫ್ರೀವೀಲಿಗೆ 18 ಹಲ್ಲು ಎಂದಿಟ್ಟುಕೊಳ್ಳಿ. ಪೆಡಲನ್ನು ಒಂದು ಸುತ್ತು ತುಳಿದರೆ ಸೈಕಲ್ಲು ಐದು ಮೀಟರಿಗೂ ಹೆಚ್ಚು ಮುಂದೆ ಸಾಗುತ್ತದೆ. ಬಯಲಿನಲ್ಲಿ ಇದು ಹಿತ. ಏರಿನಲ್ಲಿ ಮಂಡಿಗೆ ಶಿಕ್ಷೆ. ಮುಂದೆ 24, ಹಿಂದೆ 28 ಹಲ್ಲಾದರೆ ಒಂದು ಸುತ್ತಿಗೆ ಸುಮಾರು ಒಂದೂಮುಕ್ಕಾಲು ಮೀಟರು ಮಾತ್ರ. ಹೆಚ್ಚು ಸಲ ತುಳಿಯಬೇಕು, ನಿಜ. ಆದರೆ ಪ್ರತಿ ತುಳಿತಕ್ಕೂ ಬೇಕಾದ ಬಲ ಸುಮಾರು ಮೂರನೆಯ ಒಂದು ಪಾಲು. ಫ್ರಾನ್ಸಿನ ಪಾಲ್ ದ ವಿವಿ (1853–1930) ತಮ್ಮ ಜೀವನವಿಡೀ ಸಾರಿದ್ದು ಈ ತತ್ತ್ವವನ್ನೇ. ಆದರೂ ಟೂರ್ ದ ಫ್ರಾನ್ಸ್ ಪಂದ್ಯದವರು ಗೇರು ಬದಲಿಸುವ ಡಿರೇಲರಿಗೆ ಒಪ್ಪಿದ್ದು 1937ರಲ್ಲಿ.

ಈಗ ಆಯ್ಕೆಯ ಮಾತು. ಮುಂದೆ ಮೂರು ಚಕ್ರ, ಹಿಂದೆ ಏಳು. ಒಟ್ಟು 21 ಗೇರು ಎಂದು ಅಂಗಡಿಯವರು ಹೇಳುತ್ತಾರೆ. ಆ ಸಂಖ್ಯೆಗೆ ಮರುಳಾಗಬೇಡಿ. 42ಕ್ಕೆ 28, 24ಕ್ಕೆ 16, ಇವೆರಡೂ ಒಂದೇ ಗೇರು. ಲೆಕ್ಕ ಹಾಕಿ ನೋಡಿ. ಮುಂದಿನ ಅತಿ ಚಿಕ್ಕ ಚಕ್ರದ ಹಲ್ಲು ಎಷ್ಟು, ಹಿಂದಿನ ಅತಿ ದೊಡ್ಡದರ ಹಲ್ಲು ಎಷ್ಟು ಎಂದು ಕೇಳಿ. ಮೊದಲನೆಯದು ಎರಡನೆಯದಕ್ಕಿಂತ ಕಡಿಮೆಯಿದ್ದರೆ ಮಲೆನಾಡಿಗೆ ತಕ್ಕದ್ದು. ಬೆಲೆಬಾಳುವ ಸೈಕಲ್ಲುಗಳು ಈಗ ಮುಂದೆ ಒಂದೋ ಎರಡೋ ಚಕ್ರಕ್ಕೆ ಇಳಿದಿವೆ. ಅಲ್ಲಿಯೂ ಕೇಳಬೇಕಾದ ಪ್ರಶ್ನೆ ಇದೇ. ಹಿಂದೆ ಇನ್ನೂ ದೊಡ್ಡ ಚಕ್ರ ಹಾಕಿಸುವುದಾದರೆ ಡಿರೇಲರು ಅದನ್ನು ತಾಳುವುದೇ, ಚೈನಿನ ಉದ್ದ ಸಾಲುವುದೇ ಎಂದು ಮೊದಲು ವಿಚಾರಿಸಿ.

ಬಳಸುವ ಕ್ರಮವೂ ಉಂಟು. ಸಾಮಾನ್ಯವಾಗಿ ಎಡಗೈಯ ಗುಂಡಿ ಮುಂದಿನ ಚಕ್ರಗಳದು, ಬಲಗೈಯದು ಹಿಂದಿನವುಗಳದು. ನಿತ್ಯದ ಓಡಾಟಕ್ಕೆ ನಡುವಿನ ಚಕ್ರ ಸಾಕು. ಏರು ಕಣ್ಣಿಗೆ ಬಿದ್ದೊಡನೆ, ಕಾಲು ಸೋಲುವ ಮೊದಲೇ, ತುಳಿತವನ್ನು ಹಗುರ ಮಾಡಿ ಚಿಕ್ಕದಕ್ಕೆ ಬನ್ನಿ. ನಡು ಏರಿನಲ್ಲಿ ಬಲವಾಗಿ ತುಳಿಯುತ್ತ ಬದಲಿಸಿದರೆ ಚೈನು ಕಳಚಿ, ಆಯ ತಪ್ಪೀತು. ಮುಂದಿನ ದೊಡ್ಡದಕ್ಕೆ ಹಿಂದಿನ ದೊಡ್ಡದು, ಚಿಕ್ಕದಕ್ಕೆ ಚಿಕ್ಕದು ಬೇಡ. ಚೈನು ಓರೆಯಾಗಿ ಬೇಗ ಸವೆಯುತ್ತದೆ. ಮಳೆಗಾಲದಲ್ಲಿ ಮಣ್ಣು ತೊಳೆದು, ಒಣಗಿಸಿ, ಎಣ್ಣೆ ಬಿಟ್ಟು, ಹೆಚ್ಚಾದುದನ್ನು ಒರೆಸಿ. ಹತ್ತಿದ ದಾರಿಯನ್ನು ಇಳಿಯಲೂ ಬೇಕಲ್ಲ. ಒದ್ದೆಯಾದ ಬ್ರೇಕು ತಡವಾಗಿ ಹಿಡಿಯುವುದನ್ನು ಮರೆಯಬೇಡಿ.

ಕೊಳ್ಳುವ ದಿನ ಅಂಗಡಿಯ ಮುಂದಿನ ಸಪಾಟು ರಸ್ತೆಯಲ್ಲಿ ಒಂದು ಸುತ್ತು ಹೊಡೆದು ತೃಪ್ತರಾಗಬೇಡಿ. ನಿಮ್ಮ ಮಗನೋ ಮಗಳೋ ದಿನವೂ ಹತ್ತಬೇಕಾದ ದಿಣ್ಣೆಗೇ ಸೈಕಲ್ಲನ್ನು ಒಯ್ದು, ಕುಳಿತೇ ಹತ್ತಿಸಿ ನೋಡಿ. ಮಂಡಿ ಒಪ್ಪಿದ ಮೇಲೆ ಹಣ ಕೊಡಿ.